ಮಾವನ ತಲೆಯ ಅಳತೆ

ಮಾರ್ಗಶಿರ ಬಂತೆಂದರೆ ಅರಕಲಗೂಡಿನ ಚನ್ನಬಸವಯ್ಯನವರಿಗೆ ಕಿವಿನೋವು ಶುರುವಾಗುತ್ತಿತ್ತು. ಅವರದು ಹೊಗೆಸೊಪ್ಪಿನ ವ್ಯಾಪಾರ. ಬಿಸಿಲೇರಿದರೆ ಒಣಸೊಪ್ಪು ಮುಟ್ಟಿದಲ್ಲೇ ಪುಡಿಯಾಗುತ್ತದೆ. ಇಬ್ಬನಿಯ ತೇವ ಇರುವಾಗಲೇ ಹೊರೆ ಕಟ್ಟಿಸಬೇಕು. ಹಾಗಾಗಿ ಕೋಳಿ ಕೂಗುವ ಹೊತ್ತಿಗೆಲ್ಲ ಗಾಡಿ ಹತ್ತಿ ಹಳ್ಳಿಗಳ ಕಡೆ ಹೊರಡುತ್ತಿದ್ದರು. ತಲೆಗೆ ರುಮಾಲೇನೋ ಇತ್ತು. ಅದನ್ನು ಕಿವಿಯ ಮೇಲೆ ಎಳೆದುಕೊಂಡರೆ ವರ್ತಕನ ಗತ್ತು ಹೋಗುತ್ತದೆಂದು ಅವರು ಎಳೆದುಕೊಳ್ಳುತ್ತಿರಲಿಲ್ಲ.

1938ರಲ್ಲಿ ಆ ಮನೆಗೆ ಸೊಸೆಯಾಗಿ ಶಾಂತಕುಮಾರಿ ಬಂದಳು. ಹಾಸನದ ಹುಡುಗಿ. ಶಾಲೆಯ ಟೀಚರಮ್ಮನಿಂದ ಕೊಕ್ಕೆ ಕಡ್ಡಿ ಹಿಡಿದು ಕ್ರೋಶಾ ಹೆಣೆಯುವುದನ್ನು ಕಲಿತವಳು.

"ಅತ್ತೆ, ಮಾವನಿಗೊಂದು ಕುಲಾವಿ ಹೆಣೆದುಕೊಡ್ಲಾ? ತಲೆ, ಕಿವಿ, ಕತ್ತು ಎಲ್ಲಾ ಮುಚ್ಚೋ ಹಾಗೆ?"

ಅತ್ತೆ ಶಿವಗಂಗಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟರು. "ಕುಲಾವಿನಾ? ತೊಟ್ಲು ಮಕ್ಳಿಗಲ್ವೇನೇ ಅದು ಆಕೋದು?" ಎಂದರು. ಕುಲಾವಿ ತೊಟ್ಟ ಗಂಡನನ್ನು ಕಣ್ಣೆದುರಿಗೆ ತಂದುಕೊಂಡರೋ ಏನೋ, ನಕ್ಕುಬಿಟ್ಟರು. "ಹೆಣಿ, ಹೆಣಿ. ಮುಗಿಯೋಗಂಟ ಅವರಿಗೆ ಯೋಳ್ಬ್ಯಾಡ. ಗೊತ್ತಾದ್ರೆ ಬ್ಯಾಡ ಅಂತಾರೆ."

ಶಾಂತಕುಮಾರಿಯ ಗಂಡ ಗೌರೀಶಂಕರ ಹಾಸನದಿಂದ ಕಂದು ಬಣ್ಣದ ನಾಲ್ಕು ಉಂಡೆ ಉಣ್ಣೆ ತಂದುಕೊಟ್ಟ. ಇನ್ನು ಬೇಕಾಗಿದ್ದದ್ದು ಮಾವನ ತಲೆಯ ಸುತ್ತಳತೆ. ಆದರೆ ಬಂದು ಮೂರು ತಿಂಗಳಾದರೂ ಅವಳು ಮಾವನೊಡನೆ ಒಂದು ಮಾತೂ ಆಡಿರಲಿಲ್ಲ. ಅವರು ಪಡಸಾಲೆಗೆ ಬಂದರೆ ಅವಳು ಬಾಗಿಲ ಹಿಂದೆ. ಗಂಡನಿಗೆ ಹೇಳಿದಳು. "ಅಪ್ಪನ ತಲೆಗೆ ಕೈ ಹಾಕೋದಾ? ನನ್ ಕೈಲಾಗಕಿಲ್ಲ ಮಾರಾಯ್ತಿ" ಎಂದು ಅವನು ಜಾರಿಕೊಂಡ.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಜಗಲಿಯ ಮೇಲಿದ್ದ ಮಾವನ ತಲೆಗೆ ಚೊಂಬನ್ನು ನೇರವಾಗಿ ಹಿಡಿದು ನೋಡಿದಳು. ಚಿಕ್ಕದಾಯಿತು. ಬಿಂದಿಗೆ ದೊಡ್ಡದಾಯಿತು. ಕೊನೆಗೊಂದು ಕುಂಬಳಕಾಯಿ ಎತ್ತಿ ಹಿಡಿದಿದ್ದಾಗ ಅತ್ತೆ ಬಂದರು.

"ಏನೇ, ಮಾವನ್ನ ನೋಡ್ತಿದ್ದೀಯೋ, ಕುಂಬ್ಳಕಾಯ್ನೋ?"

"ಎರಡೂ ಒಂದೇ ಅಳತೆನಾ ಅಂತ ನೋಡ್ತಿದ್ದೆ ಅತ್ತೆ."

ಶಿವಗಂಗಮ್ಮ ನಗುತ್ತ ಅಲ್ಲೇ ಕುಸಿದು ಕೂತರು. ಅಳತೆಯನ್ನು ತಾವೇ ತಂದುಕೊಡುವುದಾಗಿ ಒಪ್ಪಿಕೊಂಡರು.

ಸೋಮವಾರ ಎಣ್ಣೆ ನೀರು. ಗಂಡನ ನೆತ್ತಿಗೆ ಹರಳೆಣ್ಣೆ ತಟ್ಟುತ್ತ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕೆಂಪು ದಾರವನ್ನು ಮೆಲ್ಲಗೆ ತಲೆಯ ಸುತ್ತ ತಂದು ಗಂಟು ಹಾಕಿದರು.

"ಏನೇ ಅದು ಕಟ್ತಿರೋದು?"

ಶಿವಗಂಗಮ್ಮನಿಗೆ ಥಟ್ಟನೆ ಬಾಯಿಗೆ ಬಂದದ್ದು: "ಕಿವಿನೋವಿಗೆ ಕಣ್ರೀ. ಮಂತ್ರಿಸಿದ ದಾರ."

"ಮೊದ್ಲೇ ತರಿಸಬಾರ್ದಾ!" ಎಂದರು ಚನ್ನಬಸವಯ್ಯ. ಹೆಂಡತಿ ಬಿಚ್ಚಲು ಹೋದರೆ ಅಂಗೈಯನ್ನು ಅಡ್ಡ ಇಟ್ಟುಕೊಂಡರು. ಸ್ನಾನ ಮಾಡುವಾಗಲೂ ತೆಗೆಯಲಿಲ್ಲ.

ಆ ವಾರ ಮೋಡ ಕವಿದು ಚಳಿ ತಗ್ಗಿತು. ಕಿವಿನೋವೂ ತಗ್ಗಿತು. ಚನ್ನಬಸವಯ್ಯ ಹೋದಲ್ಲೆಲ್ಲ ರುಮಾಲು ಎತ್ತಿ ದಾರ ತೋರಿಸಿದರು. ಗಾಡಿ ಹೊಡೆಯುವ ಚಲುವಯ್ಯ ಮೊಣಕಾಲಿಗೊಂದು ದಾರ ಬೇಕೆಂದು ಹಿತ್ತಲಿಗೆ ಬಂದ. ಪಕ್ಕದ ಮನೆಯ ಮಾದಮ್ಮ ಒದೆಯುವ ಹಸುವಿಗೊಂದು ಕೇಳಿದಳು. ಇಲ್ಲ ಎಂದರೆ ಸುಳ್ಳು ಬಯಲಾಗುತ್ತದೆ; ಶಿವಗಂಗಮ್ಮ ಕೊಡುತ್ತ ಹೋದರು. ಬಂದವರನ್ನು ಕಳಿಸಿದ ಮೇಲೆ ಒಳಗೆ ಬಂದು, "ನಾನು ಯಾವ ನರಕಕ್ಕೆ ಓಗ್ತೀನೋ ಶಿವನೇ" ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದರು.

ಇತ್ತ ಕುಲಾವಿ ನೆತ್ತಿಯಿಂದ ಶುರುವಾಗಿ ಸುತ್ತು ಸುತ್ತಾಗಿ ಬೆಳೆಯುತ್ತಿತ್ತು. ಅಳತೆಯ ದಾರ ಮಾವನ ತಲೆಯಲ್ಲೇ ಉಳಿದಿದ್ದರಿಂದ ಅಗಲ ಎಲ್ಲಿ ಸಾಕೆಂದು ತಿಳಿಯದೆ ಅದು ದೋಸೆಯಂತೆ ಹರಡಿಕೊಂಡಿತು.

ಮುಂದಿನ ವಾರ ಮೋಡ ಚದುರಿ ಕಡುಚಳಿ ಬಿತ್ತು. ಹಳ್ಳಿಯಿಂದ ಹಿಂದಿರುಗಿದ ಚನ್ನಬಸವಯ್ಯ ಕಿವಿ ಒತ್ತಿಕೊಂಡು ಜಗಲಿಯ ಮೇಲೆ ಕೂತರು.

"ದಾರದ ಬಲ ಮುಗೀತು ಕಣೇ. ಮಂತ್ರಿಸಿದೋನು ಯಾವೂರೋನು? ಈಗ್ಲೇ ಓಗಿ ಬತ್ತೀನಿ."

ಶಿವಗಂಗಮ್ಮ ತಡವರಿಸಿದರು. ಯಾವುದೋ ಒಂದು ದೂರದ ಊರು ಹೇಳಿದರೆ ಸುಮ್ಮನಾಗುತ್ತಾರೆಂದು ಹಾಸನದ ಕಡೆಯ ಮೊಸಳೆ ಗ್ರಾಮದ ಹೆಸರು ಹೇಳಿದರು.

"ಲೋ ಚಲುವಯ್ಯ, ಗಾಡಿ ಕಟ್ಲಾ! ಮೊಸಳೆಗೋಗ್ಬೇಕು!"

ಆಗಲೇ ದಣಿದಿದ್ದ ಎತ್ತುಗಳನ್ನು ಚಲುವಯ್ಯ ಮತ್ತೆ ನೊಗಕ್ಕೆ ತಂದ. ಶಿವಗಂಗಮ್ಮನ ಮುಖ ಬಿಳಿಚಿಕೊಂಡಿತು. ಬಾಗಿಲ ಹಿಂದಿದ್ದ ಶಾಂತಕುಮಾರಿಗೆ ಅತ್ತೆಯನ್ನು ನೋಡಿ ತಡೆಯಲಾಗಲಿಲ್ಲ.

"ಮಾವ, ಹೋಗ್ಬೇಡಿ! ಮೊಸಳೇಲಿ ಯಾರೂ ಇಲ್ಲ. ಅದು ಮಂತ್ರದ ದಾರ ಅಲ್ಲ, ಅಳತೆ ದಾರ!"

ಮೂರು ತಿಂಗಳಲ್ಲಿ ಮಾವ ಅವಳ ದನಿ ಕೇಳಿದ್ದು ಅದೇ ಮೊದಲು. ಅವಳು ಕೈಯಲ್ಲಿ ಕಂದು ಉಣ್ಣೆಯ ದೋಸೆ ಹಿಡಿದು ಹೊರಗೆ ಬಂದಳು.

"ಇದೇನಮ್ಮ?"

"ನಿಮ್ಮ ತಲೆ, ಮಾವ. ಇನ್ನೂ ಪೂರ್ತಿ ಆಗಿಲ್ಲ."

ಚನ್ನಬಸವಯ್ಯ ಅದನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಹೆಂಡತಿ ನೆಲ ನೋಡುತ್ತಿದ್ದರು. ಆಮೇಲೆ ಅವರಿಗೆ ನಗು ಬಂತು. ನಕ್ಕರೆ ಕಿವಿ ನೋಯುತ್ತಿತ್ತು; ಎರಡು ಕೈಯಲ್ಲೂ ಕಿವಿ ಹಿಡಿದುಕೊಂಡೇ ನಕ್ಕರು. ರುಮಾಲು ತೆಗೆದು, ದಾರ ಬಿಚ್ಚಿ ಅವಳ ಕೈಗಿಟ್ಟರು. "ತಗೋ ಮಗ. ಕೇಳಿದ್ರೆ ನಾನೇ ತಲೆ ಬಗ್ಗಿಸ್ತಿರ್ಲಿಲ್ವಾ?"

"ನಾನಂತೂ ಬಿಚ್ಚಕಿಲ್ಲ ಅಯ್ನೋರೆ, ನನ್ ಮೊಣಕಾಲು ವಾಸಿಯಾಗದೆ" ಎಂದ ಚಲುವಯ್ಯ, ಎತ್ತುಗಳ ಕೊರಳು ಬಿಡಿಸುತ್ತ.

ದಾರ ಮೂರು ಗೇಣಿಗೆ ನಾಲ್ಕು ಬೆರಳು ಕಡಿಮೆ ಬಂತು. ಶಾಂತಕುಮಾರಿ ಆರು ಸುತ್ತು ಬಿಚ್ಚಿ ಮತ್ತೆ ಹೆಣೆದಳು. ಐದನೆಯ ದಿನಕ್ಕೆ ಕತ್ತಿನವರೆಗೂ ಇಳಿಯುವ, ಗದ್ದದ ಕೆಳಗೆ ಗುಂಡಿ ಹಾಕಿಕೊಳ್ಳುವ ಕುಲಾವಿ ಸಿದ್ಧವಾಯಿತು. ಚನ್ನಬಸವಯ್ಯ ಗತ್ತಿಗೆಂದು ಅದರ ಮೇಲೆ ರುಮಾಲು ಸುತ್ತಿಕೊಂಡು ಗಾಡಿ ಹತ್ತಿದರು. ಕಿವಿ ಬೆಚ್ಚಗಾಯಿತು. ಮನೆಯಲ್ಲೂ ತೆಗೆಯದಾದರು.

ಆದರೆ ಉಣ್ಣೆ ದಪ್ಪ. ಅದರೊಳಗಿಂದ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಈಗ ಸೊಸೆಯನ್ನೇ ಕರೆದು ಬೇಕಾದ್ದು ಕೇಳುತ್ತಿದ್ದರು. ಅವಳು ಮೆಲ್ಲಗೆ ಉತ್ತರ ಕೊಟ್ಟರೆ "ಆಂ?" ಎನ್ನುತ್ತಿದ್ದರು. ಹಾಗಾಗಿ ಅವಳು ಜಗಲಿಗೆ ಬಂದು ಗಟ್ಟಿಯಾಗಿ ಕೂಗಬೇಕಾಯಿತು.

ಒಂದು ಬೆಳಿಗ್ಗೆ ಮಾದಮ್ಮ ಗಾಬರಿಯಿಂದ ಓಡಿಬಂದಳು. "ಏನವ್ವ ಇದು, ಸೊಸೆ ಮಾವನ್ ಮೇಲೆ ಜಗಳಕ್ಕೆ ನಿಂತವ್ಳೆ?"

"ಜಗಳ ಅಲ್ಲ ಕಣೇ" ಎಂದರು ಶಿವಗಂಗಮ್ಮ. "ರೊಟ್ಟಿಗೆ ಬೆಣ್ಣೆ ಬೇಕಾ ಅಂತ ಕೇಳ್ತಾವ್ಳೆ."