ತುಟಿಯ ಸಾಕ್ಷಿ

"ಈ ಮನುಷ್ಯನ ಕೊರಳಲ್ಲಿ ತೂತಿದೆ ಸ್ವಾಮಿ. ಮಾತು ಎಲ್ಲಿಂದ ಬರಬೇಕು?" ಎಂದು ಮಾಲೀಕರ ವಕೀಲ ನಕ್ಕ. ವಿಚಾರಣಾಧಿಕಾರಿಯ ಮೇಜಿನೆದುರು ನಿಂತಿದ್ದ ಕಹಳೆ, ಕೊರಳಿಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಸರಿಮಾಡಿಕೊಂಡ. ಬಟ್ಟೆಯ ಹಿಂದೆ ಉಸಿರು ಸುಯ್ಯೆಂದಿತು.

ಕಹಳೆ ಎಂಬುದು ಗಿರಣಿಯವರು ಇಟ್ಟ ಹೆಸರು. ಸಾಲುಸಾಲು ಮಗ್ಗಗಳು ಬಡಿದುಕೊಳ್ಳುವ ಶೆಡ್ಡಿನಲ್ಲಿ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿದ್ದುದು ಅವನೊಬ್ಬನ ದನಿ. ಹೋದ ವರ್ಷ ಗಂಟಲಲ್ಲಿ ಗಡ್ಡೆಯೆದ್ದು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಡಾಕ್ಟರು ಚಿತ್ರ ಬರೆದು ಬಿಡಿಸಿ ಹೇಳಿದ್ದರು. ಎದೆಯಿಂದ ಮೇಲೇರುವ ಗಾಳಿ ಗಂಟಲಿನ ಎರಡು ತೆಳು ಮಡಿಕೆಗಳನ್ನು ಅಲುಗಿಸಿದರೆ ಸದ್ದು. ಆ ಸದ್ದನ್ನು ನಾಲಿಗೆ, ಹಲ್ಲು, ತುಟಿ ತಿದ್ದಿದರೆ ಮಾತು. ಈಗ ಆ ಮಡಿಕೆಗಳಿಲ್ಲ, ಗಾಳಿಯೂ ಬಾಯಿಯ ಕಡೆ ಹೋಗದು. ಕೊರಳಿನ ತೂತಿನಿಂದಲೇ ಬಂದು ಹೋಗುತ್ತದೆ. "ನಾಲಿಗೆ, ತುಟಿ ಎಲ್ಲಾ ಗಟ್ಟಿಮುಟ್ಟಾಗಿವೆ. ಗಾಳಿ ಮಾತ್ರ ಅಲ್ಲಿಗೆ ಹೋಗಲ್ಲ."

"ಅಷ್ಟೇ ತಾನೆ? ನಮಗೆ ನಿನ್ನ ತುಟಿ ಸಾಕು ಬಾರೋ, ಕಿವಿಗೂ ಒಂದಿಷ್ಟು ಬಿಡುವು ಸಿಗ್ಲಿ!" ಎಂದಿದ್ದರು ಗಿರಣಿಯವರು.

ಅದು ಬರೀ ಸಮಾಧಾನದ ಮಾತಾಗಿರಲಿಲ್ಲ. ಮಗ್ಗದ ಸದ್ದಿನಲ್ಲಿ ಅವರೆಲ್ಲ ಮಾತಾಡುತ್ತಿದ್ದುದೇ ತುಟಿಯಲ್ಲಿ. ಬೈಗುಳ, ಪ್ರೀತಿ, ಮೇಲಿನವರ ಬಗೆಗಿನ ಗೊಣಗಾಟ ಎಲ್ಲವೂ ಸದ್ದಿಲ್ಲದೆ ಶೆಡ್ಡು ದಾಟುತ್ತಿದ್ದವು. ಮಾತು ಬೇಡವಾದವರು ಮುಖ ತಿರುಗಿಸುತ್ತಿದ್ದರು. ಅಲ್ಲಿ ಮುಖ ತಿರುಗಿಸುವುದೆಂದರೆ ಬಾಗಿಲು ಹಾಕಿಕೊಂಡಂತೆ.

ಬೇಸಿಗೆಯಲ್ಲಿ ಹತ್ತಿ ಹಿಂಜುವ ಕೋಣೆಗೆ ಬೆಂಕಿ ಬಿತ್ತು. ಮೂವರು ಹುಡುಗಿಯರು ಸತ್ತರು. ಬೆಂಕಿ ಅವರನ್ನು ಮುಟ್ಟಲೇ ಇಲ್ಲ, ಹೊಗೆಯೇ ಸಾಕಾಯಿತು. ಒಬ್ಬಳು ಕಹಳೆಯ ಮಗಳು. ಆಪರೇಷನ್ ಆದಮೇಲೆ ಅಂಗಳ ಗುಡಿಸುವ ಕೆಲಸಕ್ಕಿದ್ದ ಕಹಳೆಯೇ ಹಿಂಬಾಗಿಲಿಗೆ ಮೊದಲು ಓಡಿದ್ದು. ಹೊರಗಿನಿಂದ ಬೀಗ ಜಡಿದಿತ್ತು. ಹುಡುಗಿಯರು ಗಾಳಿ ಕುಡಿಯುವ ನೆಪದಲ್ಲಿ ಕೆಲಸ ಕದಿಯುತ್ತಾರೆಂದು ಮಾಲೀಕರೇ ಹಾಕಿಸಿದ್ದ ಬೀಗ. ಒಳಗಿನಿಂದ ಬಡಿಯುತ್ತಿದ್ದರು. ಕೂಗಲು ಬಾಯಿ ತೆರೆದ, ಕೊರಳು ಸುಯ್ಯೆಂದಿತು. ಶೆಡ್ಡಿಗೆ ಓಡಿದರೆ ಎಲ್ಲರ ಬೆನ್ನೂ ಇವನ ಕಡೆ. ಒಬ್ಬೊಬ್ಬರ ಭುಜ ಹಿಡಿದು ತಿರುಗಿಸಿ, ಜನ ಸೇರಿಸಿಕೊಂಡು ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು. ಬೀಗ ಮಾಯವಾಗಿತ್ತು. ಬಡಿತವೂ ನಿಂತಿತ್ತು.

ಅವನಿಗೆ ಸಹಿಯ ಹೊರತು ಅಕ್ಷರ ಬಾರದು. ಆದ್ದರಿಂದ ವಿಚಾರಣೆಯಲ್ಲಿ ಅವನ ತುಟಿ ಓದಿ ಹೇಳಲು, ಗಿರಣಿಯ ಮೇಸ್ತ್ರಿಯಾಗಿದ್ದ ಹೆಂಡತಿಯ ತಮ್ಮ ತಾನಾಗಿಯೇ ಮುಂದೆ ಬಂದಿದ್ದ. "ಭಾವನ ತುಟಿ ನನಗಿಂತ ಚೆನ್ನಾಗಿ ಯಾರು ಓದ್ತಾರೆ?"

"ಹೇಳಿ, ಏನು ಕಂಡಿರಿ?" ಅಧಿಕಾರಿ ಕೇಳಿದರು.

ಹೊಸಬರಿಗೆ ಕಲಿಸುವಂತೆ ಕಹಳೆ ಒಂದೊಂದೇ ಮಾತನ್ನು ಬಿಡಿಸಿ ಆಡಿದ. ಹಿಂಬಾಗಿಲಿಗೆ ಬೀಗ ಹಾಕಿತ್ತು. ಒಳಗಿಂದ ಬಡೀತಿದ್ರು.

ಮೇಸ್ತ್ರಿ ಅಧಿಕಾರಿಯ ಕಡೆ ತಿರುಗಿದ. "ಬಾಗಿಲು ತೆರೆದೇ ಇತ್ತಂತೆ ಸ್ವಾಮಿ. ಹೊಗೆಯಲ್ಲಿ ಹುಡುಗೀರಿಗೆ ದಾರಿ ಕಾಣಲಿಲ್ಲವಂತೆ."

ಕಹಳೆ ಮೊದಲಿಗೆ ತನ್ನ ಕಿವಿಯನ್ನೇ ನಂಬಲಿಲ್ಲ. ಆಮೇಲೆ ತಲೆಯಲ್ಲಾಡಿಸಿದ, ಮೇಜು ಗುದ್ದಿದ. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒತ್ತಿ ಮೇಲಕ್ಕೆ ನೂಕಿದ. ಅದು ಬಾಯಿಗೆ ಬರಲಿಲ್ಲ. ಕೊರಳಿನ ಬಟ್ಟೆಯನ್ನು ಹಾರಿಸಿ, ಕಫ ಚಿಮ್ಮಿಸಿ, ಹೊರಬಿತ್ತು. ಅಧಿಕಾರಿ ಕರವಸ್ತ್ರವನ್ನು ಮೂಗಿಗೆ ಹಿಡಿದರು.

"ಏನಂತೆ ಈಗ?"

"ಮಗಳ ನೆನಪಾಗಿದೆ ಸ್ವಾಮಿ. ಸಂಕಟ."

"ಪಾಪ. ನೀರು ಕೊಡಿ."

ಕಹಳೆ ಹಿಂದಕ್ಕೆ ತಿರುಗಿದ. ಬೆಂಚುಗಳ ತುಂಬ ಗಿರಣಿಯವರು. ಅಷ್ಟೂ ಜನ ಬಾಯಿ ಓದಬಲ್ಲವರು; ದಿನವೂ ಅವನ ಬಾಯಿ ಓದಿದವರು. ಅವರಿಗೆ ಹೇಳಿದ: ಬೀಗ ಹಾಕಿತ್ತು. ನೀವಾದ್ರೂ ಹೇಳ್ರೋ.

ಮುಂದಿನ ಬೆಂಚಿನ ಮುದುಕ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನ ಪಕ್ಕದವಳು ಸೆರಗಿನ ದಾರ ಎಳೆಯತೊಡಗಿದಳು. ಹೊಗೆಯಲ್ಲಿ ತಂಗಿಯನ್ನು ಕಳೆದುಕೊಂಡವನೂ ಚಪ್ಪಲಿ ನೋಡಿಕೊಂಡ. ಸಾಲಿಂದ ಸಾಲಿಗೆ ಮುಖಗಳು ತಿರುಗಿದವು. ಮಗ್ಗದ ಸದ್ದೇ ಇಲ್ಲದ ಆ ಕೋಣೆಯಲ್ಲಿ ಕಿವಿ ಇದ್ದವರೆಲ್ಲ ಕಿವುಡರಾದರು.

ಹೊರಗೆ ಮೆಟ್ಟಿಲ ಬಳಿ ಮೇಸ್ತ್ರಿ ಅವನ ತೋಳು ಹಿಡಿದುಕೊಂಡ. ಅಳುತ್ತಿದ್ದ. "ಭಾವ, ಸತ್ತವಳು ಬರಲ್ಲ. ಬೀಗ ಅಂದಿದ್ರೆ ಗಿರಣಿ ಮತ್ತೆ ತೆರೀತಾನೇ ಇರಲಿಲ್ಲ. ಇಷ್ಟು ಜನರ ಒಲೆಗೆ ನಾನು ನೀರು ಹುಯ್ಯಲಾ? ನೀವೇ ಹೇಳಿ."

ಅವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಊರೆಲ್ಲಾ ತಿರುಗ್ತಿದ್ದೆಯಲ್ಲೋ, ಎಂದ ಕಹಳೆ. ಅಷ್ಟರಲ್ಲಿ ಮೇಸ್ತ್ರಿ ಮುಖ ತಿರುಗಿಸಿಯಾಗಿತ್ತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಮಗಳ ಹೆಸರು ಕಿವಿಗೆ ಬಿದ್ದರೆ ಕುಸಿಯುವವಳು, ವಿಚಾರಣೆಗೆ ಬಂದಿರಲಿಲ್ಲ. ಅವನನ್ನು ಕೂರಿಸಿ, ಒದ್ದೆ ಬಟ್ಟೆ ಬಿಚ್ಚಿ, ತೂತಿನ ಸುತ್ತ ಬಿಸಿನೀರಿನಲ್ಲಿ ಒರೆಸಿ, ಒಗೆದ ಬಟ್ಟೆ ಕಟ್ಟಿದಳು. ಆಮೇಲೆ ಎದುರಿಗೆ ಕೂತಳು. ಅವಳೂ ಮಗ್ಗದ ಮುಂದೆ ಬೆಳೆದವಳು. ಕಣ್ಣು ಅವನ ತುಟಿಯ ಮೇಲೆ.

"ಹೇಳಿದ್ರಾ?" ಎಂದಳು. "ನನ್ನ ತಮ್ಮ ಒಂದಕ್ಷರ ಬಿಡದೆ ಹೇಳಿದ್ನಾ?"

ಕಹಳೆ ಗೋಡೆಯ ಕಡೆ ಮುಖ ತಿರುಗಿಸಿದ.

ಅವಳು ಎದ್ದು ಆ ಪಕ್ಕಕ್ಕೆ ಬಂದು ಕೂತಳು. ಅವನು ಈ ಪಕ್ಕಕ್ಕೆ ತಿರುಗಿದ.

"ರೀ," ಎಂದಳು. ಕೊರಳಿನ ಒಗೆದ ಬಟ್ಟೆ ಒಳಕ್ಕೆ ಹೋಯಿತು, ಹೊರಕ್ಕೆ ಬಂತು, ಒಳಕ್ಕೆ ಹೋಯಿತು.