ರಕ್ತದ ಮಾತಿಗೆ ಗಂಜಿ ಬೆರೆಸಿದ ದುಭಾಷಿ

ಮುಲಾಂಜೆ ಬೆಟ್ಟದ ಸುತ್ತಿನ ನೂರು ಊರುಗಳಲ್ಲಿ ಖುಂಬಿಜೆ ಮೇಷ್ಟರಂಥ ದುಭಾಷಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಸಂಭವವೂ ಇಲ್ಲ. ಪರದೇಶದ ಪಾದ್ರಿ ಸೀನಿದರೆ ಆ ಸೀನನ್ನೂ ವ್ಯಾಕರಣ ತಪ್ಪದೆ ಆ ಸೀಮೆಯ ಚಿಚೇವಾ ಭಾಷೆಗೆ ತಂದುಬಿಡುವ ಗಂಡು ಅವನು. ಅಂಥವನ ನಾಲಿಗೆ ಆ ಭಾನುವಾರ ಬೆಳಿಗ್ಗೆ ಚಿಸಂಬ ಊರಿನ ಮಾವಿನ ಮರದಡಿ ಒಣಮೀನಿನಂತೆ ಸೆಟೆದು ಕೂತಿತ್ತು.

ಕೇಳಲು ಕೂತ ಮುನ್ನೂರು ಜನರ ಮಡಿಲಲ್ಲಿ ಮುನ್ನೂರು ಕಲ್ಲುಗಳಿದ್ದವು.

ಮೂರು ವಾರದಿಂದ ಆ ಸೀಮೆಯಲ್ಲಿ ಒಂದೇ ಸುದ್ದಿ. ರಕ್ತ ಹೀರುವವರು ಬಂದಿದ್ದಾರಂತೆ, ವಾಹನದಲ್ಲಿ ಬರುತ್ತಾರಂತೆ, ಸೀಸೆಗೆ ತುಂಬಿಕೊಂಡು ಒಯ್ಯುತ್ತಾರಂತೆ. ಹಿಂದಿನ ದಿನವಷ್ಟೇ ಪಕ್ಕದ ಊರಿನಲ್ಲಿ ಒಬ್ಬ ಉಪ್ಪಿನ ವ್ಯಾಪಾರಿಯನ್ನು ಜನ ಹೊಡೆದು ಕೊಂದಿದ್ದರು. ಗಂಟು ಬಿಚ್ಚಿ ನೋಡಿದರೆ ಒಳಗೆ ಬರೀ ಉಪ್ಪು. ಮೇಷ್ಟರಿಗೆ ಇದೆಲ್ಲ ಗೊತ್ತಿತ್ತು. ಆದರೂ ಸ್ಕಾಟ್ಲೆಂಡಿನಿಂದ ಸೇವೆಗೆಂದು ಬಂದಿದ್ದ ಎಪ್ಪತ್ತರ ಪಾದ್ರಿ ಮುರ್ಡೊ ಅವರಿಗೆ ಜೀಪಿನಲ್ಲಿ ಕೊಚ್ಚಿಕೊಂಡಿದ್ದ: “ಚಿಸಂಬದವರೇ? ನಾನು ಕೂರಿ ಅಂದ್ರೆ ಕೂರ್ತಾರೆ, ಏಳಿ ಅಂದ್ರೆ ಏಳ್ತಾರೆ!” ಇವತ್ತು ಯಾವ ವಿಷಯ ಮಾತಾಡುತ್ತೀರಿ ಎಂದು ಮಾತ್ರ ಕೇಳಿರಲಿಲ್ಲ. ಜೀಪು ಊರೊಳಗೆ ಬಂದದ್ದೇ, ಹಿಂದೆ ಆನೆಗಾತ್ರದ ಮರವೊಂದನ್ನು ಎಳೆದು ದಾರಿಗೆ ಅಡ್ಡ ಹಾಕಿದ ಸದ್ದು ಕೇಳಿತು.

ಮುರ್ಡೊ ಬೈಬಲ್ ತೆರೆದರು, ನಕ್ಕರು. “ಇವತ್ತು ರಕ್ತದ ಬಗ್ಗೆ ಮಾತಾಡೋಣ” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು.

ಮೇಷ್ಟರ ಎದೆ ಎಂಥ ಸದ್ದು ಮಾಡಿತೆಂದರೆ ಬೆಟ್ಟದ ಆಚೆ ಮೊಜಾಂಬಿಕಿನಲ್ಲಿ ಕೋಳಿಗಳು ಹಾರಿದವು. ಆ ಒಂದು ಮಾತು ತನ್ನ ಬಾಯಿಂದ ಹೊರಬಿದ್ದರೆ ಇಬ್ಬರೂ ಹೆಣ. ಅವನು ಹೇಳಿದ:

“ಪಾದ್ರಿಗಳು ಇವತ್ತು... ಗಂಜಿ ಬಗ್ಗೆ ಮಾತಾಡ್ತಾರೆ.”

ಜನ ಮುಖ ಮುಖ ನೋಡಿಕೊಂಡರು. ಮುರ್ಡೊ ದನಿ ಏರಿಸಿದರು. ದೇವರ ಮಗ ನಮಗಾಗಿ ರಕ್ತ ಸುರಿಸಿದ, ಎಂದರು. ಆತ ನಮಗಾಗಿ ಗಂಜಿ ಚೆಲ್ಲಿದ, ಎಂದ ಖುಂಬಿಜೆ.

“ಅಯ್ಯೋ, ಬರಗಾಲದಲ್ಲಾ?” ಎಂದು ಯಾರೋ ಮರುಗಿದರು.

ಆ ರಕ್ತದಲ್ಲಿ ತೊಳೆದರೆ ನಮ್ಮ ಬಟ್ಟೆ ಬೆಳ್ಳಗಾಗುತ್ತದೆ, ಎಂದರು ಮುರ್ಡೊ. ಖುಂಬಿಜೆ ಕಣ್ಣು ಮುಚ್ಚಿ ಅದನ್ನೂ ಗಂಜಿಗೆ ಅದ್ದಿದ.

ಮುಂದಿನ ಸಾಲಿನ ಹೆಂಗಸು ತಡೆಯಲಾರದೆ ಅಂದಳು: “ಗಂಜಿ ಹಾಕಿದ್ರೆ ಬಟ್ಟೆ ಗರಿಗರಿ ಆಗುತ್ತೆ ಮೇಷ್ಟ್ರೇ, ಬೆಳ್ಳಗೆ ಎಲ್ಲಾಗುತ್ತೆ? ನಿಮ್ಮನೇಲಿ ಒಗೆಯೋರು ಯಾರು?”

ನಗೆ ಎದ್ದಿತು. ಕೆಲವರ ಬೆರಳು ಕಲ್ಲಿನ ಮೇಲಿಂದ ಸಡಿಲವಾಯಿತು. ಮೇಷ್ಟರಿಗೆ ಹೋದ ಜೀವ ಅರ್ಧ ಬಂತು. ಅಷ್ಟರಲ್ಲಿ ಮುರ್ಡೊ, ಪ್ರಾರ್ಥನೆಯ ಕೊನೆಗೆ ಗುಟುಕು ಗುಟುಕಾಗಿ ಹಂಚಲೆಂದು ತಂದಿದ್ದ ಕೆಂಪು ಪಾನಕದ ಸೀಸೆಯನ್ನು ಚೀಲದಿಂದ ತೆಗೆದು ಎತ್ತಿ ಹಿಡಿದರು.

ನಗೆ ಕತ್ತರಿಸಿದಂತೆ ನಿಂತಿತು.

ಹಿಂದಿನಿಂದ ಒಬ್ಬ ಮುದುಕ ಎದ್ದ. ಜೋಹಾನ್ಸ್‌ಬರ್ಗಿನ ಗಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದು ಬಂದ ಸೈಲೆಸಿ.

“ಮೇಷ್ಟ್ರೇ, ಅವ್ನು ಬ್ಲಡ್ ಅಂದ. ಹದಿನಾಲ್ಕು ಸಲ ಅಂದ, ಎಣಿಸಿದೀನಿ. ಗಣೀಲಿ ದೊರೆಗಳು ನಮ್ಮನ್ನ ಬೈಯೋವಾಗ ಮೊದಲು ಬರ್ತಿದ್ದ ಮಾತೇ ಅದು. ಅಂದ್ರೆ ರಕ್ತ. ನೀನು ಗಂಜಿ ಯಾಕಂದೆ?”

ಮುನ್ನೂರು ಜನ ಒಟ್ಟಿಗೆ ಎದ್ದು ನಿಂತರು. ಮುರ್ಡೊ, ತಮ್ಮ ಮಾತು ಜನರ ಹೃದಯ ಮುಟ್ಟಿತೆಂದು ತಿಳಿದು, “ಆಮೆನ್” ಎಂದರು.

ಊರ ಯಜಮಾನಿ ಅಬಿತಿ ಜವಾಡು ಕೋಲೂರಿಕೊಂಡು ಮುಂದೆ ಬಂದಳು. ಮೇಷ್ಟರ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು.

“ಬಿಳಿಯ ಬಾಯಿಬಿಟ್ಟು ಹೇಳಿದ. ಮುಚ್ಚಿಟ್ಟವನು ನೀನು. ಕಳ್ಳ ಯಾರೋ?”

“ಅಜ್ಜೀ... ಹೆದರಿಕೆ ಆಯ್ತು.”

“ನಮಗೂ ಹೆದರಿಕೇನೇ ಕಣೋ. ಅದಕ್ಕೇ ಕಲ್ಲು.” ಅವಳು ತಪ್ಪು ಹಿಡಿಯಲೆಂದು ಸೈಲೆಸಿಯನ್ನು ಕರೆದು ಮೇಷ್ಟರ ಪಕ್ಕ ನಿಲ್ಲಿಸಿ, ಮೇಷ್ಟರ ಕಡೆ ತಿರುಗಿದಳು. “ಮೊದಲಿಂದ ಹೇಳು. ಅವ್ನು ಹೇಳಿದ್ದು ಹೇಳಿದ ಹಾಗೆ. ನಿನ್ನ ಮಾತು ಜಾರಿದ್ರೆ ನಮ್ಮ ಕೈಯೂ ಜಾರುತ್ತೆ.”

ಮೇಷ್ಟರ ಮೈ ಬೆವರು ಆ ಹೊತ್ತಿನಲ್ಲಿ ಒಂದು ಗದ್ದೆ ನಾಟಿಗೆ ಸಾಕಾಗುತ್ತಿತ್ತು. ಮುರ್ಡೊಗೆ ಕಿವಿಯಲ್ಲಿ, ಮೊದಲಿಂದ ಹೇಳಬೇಕಂತೆ, ನಿಧಾನಕ್ಕೆ, ಎಂದ. ಪಾದ್ರಿಗಳು ಸಂತೋಷದಿಂದ ಮತ್ತೆ ಶುರುಮಾಡಿದರು.

“ರಕ್ತ” ಎಂದ ಖುಂಬಿಜೆ. ಗುಂಪು ಒಂದು ಹೆಜ್ಜೆ ಮುಂದೆ ಬಂತು. ಅವನು ನಿಲ್ಲಿಸಲಿಲ್ಲ, ನಿಲ್ಲಿಸುವ ಧೈರ್ಯವೂ ಇರಲಿಲ್ಲ. “ಒಬ್ಬನಿದ್ದ. ಅವನು ಯಾರ ರಕ್ತಾನೂ ಕೇಳಲಿಲ್ಲ. ಜನ ಅವನನ್ನ ಹಿಡಿದ್ರು. ಕೊಲ್ಲಿ ಕೊಲ್ಲಿ ಅಂತ ಊರಿಗೆ ಊರೇ ಕೂಗ್ತು. ಯಾಕೆ ಅಂತ ಕೂಗಿದವರಿಗೇ ಸರಿಯಾಗಿ ಗೊತ್ತಿರಲಿಲ್ಲ.”

ಸೈಲೆಸಿ ತಲೆಯಾಡಿಸಿದ. “ಹೌದು. ಹಾಗೇ ಅಂದ.”

“ಆಮೇಲೆ ಕೊಂದ್ರು. ಅಲ್ಲಿ ಸುರಿದ ರಕ್ತ ಅವನದೇ.”

ಗಂಡಸರ ಗುಂಪಿನಲ್ಲಿ, ಹಿಂದಿನ ದಿನ ಪಕ್ಕದ ಊರಿಗೆ ಹೋಗಿ ಬಂದಿದ್ದ ಇಬ್ಬರು ಮೂವರು ನೆಲ ನೋಡಿದರು. ಈಗ ನಿಜಕ್ಕೂ ಸತ್ತೆ ಎಂದುಕೊಂಡ ಖುಂಬಿಜೆ. ಗಂಜಿಗಿಂತ ಈ ಮಾತೇ ಹೆಚ್ಚು ಚುಚ್ಚಿರಬೇಕು.

ಅಬಿತಿ ಜವಾಡು ಕೇಳಿದಳು: “ಕೊಂದ ಮೇಲೆ ಅವನ ಹತ್ರ ಏನಾದ್ರೂ ಸಿಕ್ತಾ?”

ಆ ಪ್ರಶ್ನೆಯನ್ನು ಖುಂಬಿಜೆ ಮುರ್ಡೊಗೆ ಇದ್ದದ್ದಿದ್ದ ಹಾಗೆ ದಾಟಿಸಿದ, ಉತ್ತರವನ್ನೂ ಇದ್ದದ್ದಿದ್ದ ಹಾಗೆ ತಂದ.

“ಏನೂ ಇಲ್ಲ ಅಜ್ಜಿ. ಉಟ್ಟಬಟ್ಟೆ.”

ಅವಳು ಕೋಲು ಬದಿಗಿಟ್ಟು, ಸೊಂಟ ಹಿಡಿದುಕೊಂಡು, ಮೇಷ್ಟರ ಕಾಲ ಬುಡದಲ್ಲೇ ನೆಲಕ್ಕೆ ಕೂತಳು. ಅವಳು ಕೂತಳೆಂದು ಉಳಿದವರೂ ಒಬ್ಬೊಬ್ಬರಾಗಿ ಕೂತರು. ಕಲ್ಲನ್ನು ಮಾತ್ರ ಯಾರೂ ಕೆಳಗಿಡಲಿಲ್ಲ.

“ಮುಂದೆ ಹೇಳು” ಅಂದಳು.