ಶೇಡ್ ಸುತ್ತುವ ಹ್ಯಾಂಡಲ್

ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ಹಲ್ಲುಜ್ಜಿದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಅತ್ತೆ ಬಕೆಟ್ಟಿನಲ್ಲಿ ಬಟ್ಟೆ ನೆನೆಸುತ್ತಿದ್ದರು. ಮಗನ ಅಂಗಿಯನ್ನು ನೀರಿಗೆ ಹಾಕಲೋ ಬೇಡವೋ ಎಂದು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು. ಆಮೇಲೆ ಹಾಕಿದರು.

ಆಗ ಕನ್ನಡಕದಂಗಡಿಯ ಆಂಟಿ ಬಂದರು. ಹೊಸ್ತಿಲ ಆಚೆಯೇ ನಿಂತರು.

“ಕೇಳೋಕೇ ಬಾಯಿ ಬರ್ತಿಲ್ಲ ಕಣಮ್ಮ. ನಮ್ಮ ಶೇಡಿನ ಹ್ಯಾಂಡಲ್ಲು...”

ನನ್ನ ಗಂಡ ಅಂಗಡಿ, ಶಾಲೆ, ಆಸ್ಪತ್ರೆಗಳ ಮುಂದೆ ಬಿಸಿಲು ಮಳೆಗೆ ಬಟ್ಟೆಯ ಶೇಡ್ ಕಟ್ಟುತ್ತಿದ್ದ, ಹ್ಯಾಂಡಲ್ ತಿರುಗಿಸಿದರೆ ಸುರುಳಿ ಸುತ್ತಿಕೊಳ್ಳುವಂಥದ್ದು. ಕೊನೆಯದು ಇವರ ಅಂಗಡಿಯದು. ಹಳೆಯ ಕಬ್ಬಿಣದ ತೋಳುಗಳಿಗೆ ಹೊಸ ಕ್ಯಾನ್ವಾಸ್. ಹೊಸ ಬಟ್ಟೆ ಒಂದೆರಡು ದಿನ ಬಿಚ್ಚಿಕೊಂಡೇ ಇದ್ದು ಬಿಸಿಲಿನಲ್ಲಿ ಬಿಗಿಯಾಗಬೇಕು. ಅದಕ್ಕೆ ಮೊದಲೇ ಸುತ್ತಿದರೆ ಬಿದ್ದ ಸುಕ್ಕು ಮತ್ತೆ ಹೋಗುವುದಿಲ್ಲ. ಆಂಟಿಯ ಕೈ ಸುಮ್ಮನಿರದೆಂದು ಅವನಿಗೆ ಗೊತ್ತಿತ್ತು. “ಆಯಮ್ಮ ಮೋಡ ಕಂಡ್ರೂ ಸುತ್ತುತ್ತೆ, ಕಾಗೆ ಹಾರಿದ್ರೂ ಸುತ್ತುತ್ತೆ” ಎಂದು ಫೋನಿನಲ್ಲಿ ನಕ್ಕಿದ್ದ. ಒಂದೆರಡು ದಿನಕ್ಕೆ ತನ್ನ ಹತ್ತಿರ ಇರಲಿ ಎಂದು ಹ್ಯಾಂಡಲ್ ಕೇಳಿ ಪಡೆದು, ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಿದ್ದ. ತಿರುವಿನಲ್ಲಿ ಲಾರಿ ಬಂತು.

ಆಸ್ಪತ್ರೆಯವರು ಕೊಟ್ಟ ಚೀಲ ಬೀರುವಿನ ಪಕ್ಕದಲ್ಲಿತ್ತು. ಅದರ ಬಾಯಿಗೆ ಹಗ್ಗದ ಗಂಟು. ಹಾಕಿದ್ದು ಅವನೇ.

“ಇಲ್ಲ ಆಂಟಿ. ಸಿಗಲಿಲ್ಲ,” ಎಂದೆ.

“ಬೇರೆಯವರದ್ದು ಹಾಕಿ ನೋಡಿದ್ವಿ, ಕೊಕ್ಕೆ ಕೂರಲ್ಲ. ಸಂಜೆ ಬಿರುಗಾಳಿ ಅಂತಿದಾರೆ, ಸುತ್ತದಿದ್ರೆ ಶೇಡ್ ಕಿತ್ಕೊಂಡು ಬೀಳುತ್ತೆ. ಬಸ್ಸಿಗೆ ಕಾಯೋರೆಲ್ಲ ಅದರ ಕೆಳಗೇ ನಿಲ್ಲೋದು. ಸದ್ಯಕ್ಕೆ ಹಗ್ಗ ಕಟ್ಟಿದೀವಿ.” ಆಮೇಲೆ ನನ್ನ ಮುಖ ನೋಡಿ, “ಹೋಗ್ಲಿ ಬಿಡು. ಏನಾದ್ರೂ ತಿಂದ್ಯಾ?” ಎಂದರು. ತಿಂದೆ ಎಂದೆ. ಅದೂ ಸುಳ್ಳೇ.

ಅವರು ಹೋದ ಮೇಲೆ ಅತ್ತೆ ಕೈ ಒರೆಸಿಕೊಂಡು ಬಂದರು.

“ಚೀಲ ನೋಡಿದ್ಯಾ?”

“ನೋಡಿದೆ.”

“ಗಂಟು ಹಾಗೇ ಇದೆಯಲ್ಲ. ಹೊರಗಿಂದಾನೇ ನೋಡಿದ್ಯಾ? ಇಷ್ಟು ಓದಿದ್ದಕ್ಕೆ ಅದೂ ಬರುತ್ತೇನೋ.”

ಬಿಚ್ಚಲಾರೆ ಎಂದಷ್ಟೇ ನನಗೆ ಗೊತ್ತಿತ್ತು. ಏಕೆಂದು ಹೇಳಲು ಬರುತ್ತಿರಲಿಲ್ಲ.

ಮಧ್ಯಾಹ್ನ ಗಾಳಿ ಎದ್ದಿತು. ಕಿಟಕಿಯ ಬಾಗಿಲು ಒಂದೇ ಸಮನೆ ಬಡಿಯತೊಡಗಿತು. ಎದ್ದು ಚಿಲಕ ಹಾಕಿದೆ. ಎದುರು ಮಹಡಿಯ ತಗಡು ಏಳುತ್ತಾ ಬೀಳುತ್ತಾ ಇತ್ತು. ಅತ್ತೆ ಚೀಲದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು.

“ನಾನೇ ಬಿಚ್ಚಲಾ?”

“ಮುಟ್ಟಬೇಡಿ!”

ಅವರಿಗೆ ನಾನು ಎಂದೂ ಹಾಗೆ ಹೇಳಿರಲಿಲ್ಲ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

“ನನಗೆಲ್ಲಿದೆ ಧೈರ್ಯ, ಸುಮ್ನೆ ಕೇಳಿದೆ,” ಎಂದರು. “ಆದ್ರೆ ನನ್ನ ಮಗ ಕಟ್ಟಿದ್ದು ಯಾರ ತಲೆ ಮೇಲೂ ಬೀಳಬಾರದು ಕಣೇ,” ಎಂದರು.

ಗಂಟು ಉಗುರಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ. ಸಡಿಲವಾಯಿತು. ಆಮೇಲೆ ಅದು ಬರೀ ಹಗ್ಗ.

ಟೇಪು. ದಪ್ಪ ಸೂಜಿಗಳ ಡಬ್ಬಿ. ಬೆವರು ಒರೆಸುವ ಟವೆಲ್ಲು, ಮಡಚಿದ್ದು. ಅತ್ತೆ ಅದನ್ನು ಎತ್ತಿಕೊಂಡು ಮಡಿಲಲ್ಲಿಟ್ಟುಕೊಂಡರು. ತಳದಲ್ಲಿ, ಕ್ಯಾನ್ವಾಸ್ ಚೂರಿನಲ್ಲಿ ಸುತ್ತಿ, ಹ್ಯಾಂಡಲ್.

ಓಡಿದೆ. ಬೀದಿಯ ತುಂಬ ಧೂಳು. ಕನ್ನಡಕದಂಗಡಿಯ ಮುಂದೆ ಆಂಟಿ ಒಂದು ಹಗ್ಗ, ಪಕ್ಕದ ಬೀಗ ರಿಪೇರಿಯವನು ಇನ್ನೊಂದು ಹಗ್ಗ ಹಿಡಿದು ಜೋತುಬಿದ್ದಿದ್ದರು. ಕ್ಯಾನ್ವಾಸ್ ಉಬ್ಬಿ ಮೇಲೆದ್ದಾಗಲೆಲ್ಲ ಗೋಡೆಯ ಬೋಲ್ಟುಗಳ ಸುತ್ತ ಗಾರೆ ಉದುರುತ್ತಿತ್ತು. ಮಳೆ ಹನಿಯತೊಡಗಿದ್ದರಿಂದ ಜನ ಅದರ ಕೆಳಗೇ ಒತ್ತಿಕೊಂಡಿದ್ದರು.

“ಸಿಕ್ತಾ?” ಆಂಟಿ ಕೂಗಿದರು. “ರೀ, ಆಚೆ ಬನ್ರೀ! ಅದರಡಿ ನಿಂತು ಏನು ಮುಹೂರ್ತ ನೋಡ್ತಿದೀರಾ?”

ಹ್ಯಾಂಡಲ್ಲಿನ ಕೊಕ್ಕೆ ಸಿಕ್ಕಿಸುವ ಬಳೆಯಂಥ ಕೊಂಡಿ ಮೇಲೆ ಓಲಾಡುತ್ತಿತ್ತು. ಕೊಕ್ಕೆ ತಪ್ಪಿತು. ಮತ್ತೆ ತಪ್ಪಿತು. ಸಿಕ್ಕಿದಾಗ ತಿರುಗಿಸಿದೆ. ಬಟ್ಟೆ ಸಡಿಲವಾಗಿ ಇನ್ನಷ್ಟು ಗಾಳಿ ತುಂಬಿಕೊಂಡಿತು. ಎಡದ ತೋಳು ಕಿರುಗುಟ್ಟಿತು.

“ಉಲ್ಟಾ! ಉಲ್ಟಾ ತಿರುಗಿಸ್ತಿದೀಯಾ ತಾಯಿ!” ಬೀಗದವನು ಅರಚಿದ.

ಗಂಡನ ಜೊತೆ ಇಷ್ಟು ದಿನ ಬದುಕಿ, ಶೇಡ್ ಯಾವ ಕಡೆಗೆ ಸುತ್ತಬೇಕೆಂದು ನನಗೆ ಗೊತ್ತಿರಲಿಲ್ಲ.

ಇನ್ನೊಂದು ಕಡೆಗೆ ತಿರುಗಿಸಿದೆ. ಅಂಗೈ ಸುಲಿಯಿತು. ತೋಳುಗಳು ನಿಧಾನ ಮಡಚಿಕೊಂಡವು. ಬಟ್ಟೆ ಸುಕ್ಕಿಲ್ಲದೆ ರೋಲರಿಗೆ ಏರತೊಡಗಿತು. ಅವನು ಹೊಲಿದ ಅಂಚು ನನ್ನ ತಲೆಯ ಮೇಲಿಂದ ಹಿಂದಕ್ಕೆ ಸರಿಯಿತು. ಒಂದು ಗೇಣು ಉಳಿದಾಗ ನಿಂತುಬಿಟ್ಟೆ.

“ಪೂರ್ತಿ ಸುತ್ತಮ್ಮ, ಗಾಳಿ ಹಿಡಿಯುತ್ತೆ,” ಎಂದರು ಆಂಟಿ.

ಪೂರ್ತಿ ಸುತ್ತಿದೆ. ಗೋಡೆಯ ಮೇಲೆ ಉದ್ದನೆಯ ತಗಡಿನ ಪೆಟ್ಟಿಗೆಯೊಂದು ಉಳಿಯಿತು, ಎಲ್ಲ ಅಂಗಡಿಗಳ ಮೇಲಿರುವಂತೆ.

ಮಳೆ ಜೋರಾಯಿತು. ಜನ ಚದುರಿದರು. ಆಂಟಿ ಹಗ್ಗ ಬಿಟ್ಟು ನನ್ನ ಹತ್ತಿರ ಬಂದರು. ಬೆಳಿಗ್ಗೆ ಇಲ್ಲ ಎಂದೆಯಲ್ಲ ಎಂದು ಕೇಳಲಿಲ್ಲ.

“ಬೇಕಾದ್ರೆ ನಿನ್ನ ಹತ್ರಾನೇ ಇರಲಿ ಕಣಮ್ಮ. ನಾನು ಬೇರೆ ಮಾಡಿಸ್ಕೋತೀನಿ.”

ಹೂಂ ಎನ್ನುವುದರಲ್ಲಿದ್ದೆ. ಕೊಕ್ಕೆಯನ್ನು ಕೊಂಡಿಯಿಂದ ಬಿಡಿಸಿದೆ. ಸೆರಗಿನಿಂದ ಹಿಡಿಕೆಯ ನೀರು ಒರೆಸಿದೆ. ಇನ್ನೂ ಒರೆಸುತ್ತಲೇ ಇದ್ದೆ. ಆಂಟಿ ಕೈ ಚಾಚಲಿಲ್ಲ, ಮಳೆಯಲ್ಲಿ ಸುಮ್ಮನೆ ಕಾದರು.

“ಒಂದೆರಡು ದಿನಕ್ಕೆ ಅಂತ ತಗೊಂಡಿದ್ರು,” ಎಂದೆ. “ತಡ ಆಯ್ತು.”

ಅವರ ಕೈ ಹಿಡಿದು, ಅದರಲ್ಲಿ ಇಟ್ಟೆ.